ಸ್ಯಾಟ್ ಅಂಕ, ಕಾಲೇಜಿನ ಸ್ಕಾಲರ್‌ಶಿಪ್ ಮತ್ತು ಆಷಾಢದ ಸೇಲು

ಮಾರ್ಚ್ ತಿಂಗಳ ಒಂದು ಸಂಜೆ. ಅಟ್ಲಾಂಟಾದ ಹೊರವಲಯದಲ್ಲಿರುವ ತಮ್ಮನ ಮನೆಯ ಊಟದ ಮೇಜಿನ ಮೇಲೆ ಒಂದು ದಪ್ಪ ಲಕೋಟೆ, ಅದರೊಳಗೆ ಚಿನ್ನದ ಬಣ್ಣದ ಅಂಚಿನ ಪತ್ರ. ಪೂರ್ವ ಕರಾವಳಿಯ ಖಾಸಗಿ ಕಾಲೇಜೊಂದು ತಮ್ಮನ ಮಗಳಿಗೆ ವರ್ಷಕ್ಕೆ 28,000 ಡಾಲರಿನ 'ಡೀನ್ಸ್ ಸ್ಕಾಲರ್‌ಶಿಪ್' ಕೊಟ್ಟಿತ್ತು. ಅಲ್ಲಿ ಕಾಲೇಜು ಸೇರಲು ಬರೆಯುವ ಸ್ಯಾಟ್ ಪರೀಕ್ಷೆಯಲ್ಲಿ ಅವಳ ಅಂಕ 1600ಕ್ಕೆ 1450. ತೀರ್ಥಹಳ್ಳಿಯಿಂದ ವಿಡಿಯೊ ಕಾಲಿನಲ್ಲಿದ್ದ ಅಮ್ಮ, ಮೊಮ್ಮಗಳು ಪತ್ರವನ್ನು ಕ್ಯಾಮೆರಾಕ್ಕೆ ಹಿಡಿದಾಗ ಕನ್ನಡಕ ಸರಿಮಾಡಿಕೊಂಡು ಕೇಳಿದ್ದು ಒಂದೇ ಮಾತು: "ಅಲ್ಲಾ, ಎಷ್ಟು ಮಾರ್ಕ್ಸಿಗೆ ಎಷ್ಟು ದುಡ್ಡು ಅಂತ ಲೆಕ್ಕ ಇದ್ಯಾ, ಇಲ್ಲಾ ಅವರಿಗೆ ತೋಚಿದಷ್ಟು ಕೊಡೋದಾ?"

ಆವತ್ತು ನಾವ್ಯಾರೂ ನೆಟ್ಟಗೆ ಉತ್ತರ ಕೊಡಲಿಲ್ಲ. ಕೊಡುವುದು ಸುಲಭವೂ ಅಲ್ಲ. ಲೆಕ್ಕವೂ ಇದೆ, ತೋಚಿದಷ್ಟು ಕೊಡುವುದೂ ಇದೆ. ಅದೇ 1450ಕ್ಕೆ ಒಂದು ಕಡೆ ಇಪ್ಪತ್ತೆಂಟು ಸಾವಿರ, ಇನ್ನೊಂದು ಕಡೆ ಪೂರ್ತಿ ಟ್ಯೂಷನ್ (ಅಲ್ಲಿ ಕಾಲೇಜಿನ ಬೋಧನಾ ಶುಲ್ಕಕ್ಕೆ ಹೀಗೆನ್ನುತ್ತಾರೆ), ಮತ್ತೊಂದು ಕಡೆ ದೊಡ್ಡ ಸೊನ್ನೆ. ನಮ್ಮೂರಿನ ಲೆಕ್ಕದಲ್ಲಿ ಬೆಳೆದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಸಿಇಟಿಯಲ್ಲಿ ರ‍್ಯಾಂಕ್ ಚೆನ್ನಾಗಿ ಬಂದರೆ ಒಳ್ಳೆಯ ಕಾಲೇಜು, ಸರ್ಕಾರಿ ಸೀಟು, ಕಡಿಮೆ ಶುಲ್ಕ ಮೂರೂ ಒಟ್ಟಿಗೇ ಮನೆಗೆ ಬರುತ್ತವೆ. ಅಮೆರಿಕದಲ್ಲಿ ಅಂಕ ಏರಿದಷ್ಟೂ ಸೇರಬಹುದಾದ ಕಾಲೇಜು ಮೇಲಕ್ಕೆ ಹೋಗುತ್ತದೆ, ಕಾಲೇಜು ಮೇಲಕ್ಕೆ ಹೋದಷ್ಟೂ ಅಂಕಕ್ಕೆ ಸಿಗುವ ದುಡ್ಡು ಕರಗುತ್ತದೆ.

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದಂತೆ ಐವಿ ಲೀಗ್ ಎಂಬ ಹಳೆಯ, ಪ್ರತಿಷ್ಠಿತ ಖಾಸಗಿ ಗುಂಪಿನ ಎಂಟೂ ವಿಶ್ವವಿದ್ಯಾಲಯಗಳು ಅಂಕ ನೋಡಿ ಒಂದು ಡಾಲರ್ ಕೂಡ ಕೊಡುವುದಿಲ್ಲ. ಎಂಐಟಿಯದೂ ಇದೇ ನೀತಿ. ಅವರು ನೋಡುವುದು ಮನೆಯ ಆದಾಯವನ್ನು. ಕಡಿಮೆ ಇದ್ದರೆ ಧಾರಾಳವಾಗಿ ಕೊಡುತ್ತಾರೆ, ಇಬ್ಬರೂ ಐಟಿಯಲ್ಲಿ ದುಡಿಯುವ ಮನೆಯಾದರೆ ಪೂರ್ತಿ ಬಿಲ್ಲು ಕೈಗೆ ಕೊಡುತ್ತಾರೆ. 1600ಕ್ಕೆ 1600 ತೆಗೆದರೂ ಅಷ್ಟೇ. ಯಾಕೆ ಕೊಡಬೇಕು ಹೇಳಿ? ಬಾಗಿಲಲ್ಲಿ ಸಾಲು ನಿಂತ ಮಕ್ಕಳಲ್ಲಿ ಬಹುಪಾಲು ಅಂಥ ಅಂಕದವರೇ. ಜನ ನೂಕುನುಗ್ಗಲಾಗಿ ಬರುವ ಅಂಗಡಿಯವನು ರಿಯಾಯಿತಿ ಬೋರ್ಡು ಹಾಕುವುದಿಲ್ಲ.

ಬೋರ್ಡು ಹಾಕುವವರು ಉಳಿದವರು. ಇಲ್ಲಿ ನನಗೆ ನೆನಪಾಗುವುದು ಆಷಾಢದ ಸೇಲು. ಮದುವೆ, ಗೃಹಪ್ರವೇಶ ಯಾವುದೂ ಇಲ್ಲದ ತಿಂಗಳಲ್ಲಿ ಸೀರೆ ಅಂಗಡಿಯವರು 'ಶೇ 50 ರಿಯಾಯಿತಿ' ಎಂದು ಬ್ಯಾನರ್ ಕಟ್ಟುತ್ತಾರೆ. ಕೊಳ್ಳಲು ಹೋದ ಅತ್ತಿಗೆಗೂ ಗೊತ್ತು, ಬೆಲೆಚೀಟಿಯ ಮೇಲಿರುವ ಬೆಲೆಗೆ ಆ ಸೀರೆಯನ್ನು ಯಾರೂ ಎಂದೂ ಕೊಂಡಿಲ್ಲ ಅಂತ. ಅಮೆರಿಕದ ಖಾಸಗಿ ಕಾಲೇಜುಗಳ ಕತೆ ಬಹುತೇಕ ಹೀಗೇ. ಕಾಲೇಜುಗಳ ಹಣಕಾಸು ಅಧಿಕಾರಿಗಳ ಸಂಘವಾದ ನ್ಯಾಕುಬೊ ಪ್ರತಿ ವರ್ಷ ಇದರ ಲೆಕ್ಕ ತೆಗೆಯುತ್ತದೆ. ಲಾಭರಹಿತ ಖಾಸಗಿ ಕಾಲೇಜುಗಳು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಪಟ್ಟಿಯ ಟ್ಯೂಷನ್ನಿನಲ್ಲಿ ಬಿಡುತ್ತಿರುವ ಪಾಲು ಈಚಿನ ವರ್ಷಗಳಲ್ಲಿ ಸರಾಸರಿ ಶೇ 56ರ ಆಸುಪಾಸು. ಅಂದರೆ ನೂರು ಡಾಲರ್ ಎಂದು ಬರೆದು ನಲವತ್ತನಾಲ್ಕು ವಸೂಲಿ ಮಾಡುತ್ತಾರೆ. ಬಿಡುವ ಐವತ್ತಾರಕ್ಕೆ 'ಡೀನ್ಸ್', 'ಪ್ರೆಸಿಡೆನ್ಶಿಯಲ್', 'ಫೌಂಡರ್ಸ್' ಎಂದೆಲ್ಲ ಹೆಸರು. ಬಿಟ್ಟಿದ್ದರಲ್ಲಿ ಬಡವರಿಗೆ ಕೊಟ್ಟ ನೆರವೂ ಸೇರಿದೆ, ನಿಜ. ಆದರೆ ದೊಡ್ಡದೊಂದು ಪಾಲು ಹೋಗುವುದು ಅಂಕ ನೋಡಿ.

ಹೆಸರು ಯಾಕೆ ಬೇಕು? ಸುಮ್ಮನೆ ಬೆಲೆ ಇಳಿಸಿದರೆ ಆಗದೆ? ಆಗುವುದಿಲ್ಲ. ಕ್ರಿಸ್ಟೊಫರ್ ಏವರಿ ಮತ್ತು ಕ್ಯಾರೊಲಿನ್ ಹಾಕ್ಸ್‌ಬಿ ಎಂಬ ಅರ್ಥಶಾಸ್ತ್ರಜ್ಞರು 2004ರಲ್ಲಿ ತೋರಿಸಿದ ಒಂದು ಸಂಗತಿ ಇದೆ: ಅದೇ ಮೊತ್ತವನ್ನು 'ಸ್ಕಾಲರ್‌ಶಿಪ್' ಎಂದು ಕರೆದರೆ ಚೆನ್ನಾಗಿ ಓದುವ ಮಕ್ಕಳೂ ಅವರ ಮನೆಯವರೂ ಆ ಕಾಲೇಜಿನ ಕಡೆ ಹೆಚ್ಚು ವಾಲುತ್ತಾರೆ. ಚಿನ್ನದ ಅಂಚಿನ ಕಾಗದಕ್ಕೆ ಖರ್ಚು ಮಾಡುವುದು ಸುಮ್ಮನೆ ಅಲ್ಲ. ತಮ್ಮ ಆ ಪತ್ರದ ಫೋಟೊ ತೆಗೆದು ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದ. 'ಟ್ಯೂಷನ್ ಶೇ 48 ಕಡಿಮೆ ಮಾಡಿದ್ದೇವೆ' ಎಂಬ ಪತ್ರ ಬಂದಿದ್ದರೆ ಹಾಕುತ್ತಿದ್ದನೇ?

ಅಂಕಕ್ಕೇ ಯಾಕೆ ಬೆಲೆ ಎನ್ನುವುದಕ್ಕೂ ಕಾರಣಗಳಿವೆ. ಕಾಲೇಜುಗಳ ಶ್ರೇಣಿಪಟ್ಟಿ ಹೊರಡಿಸುವ ಯುಎಸ್ ನ್ಯೂಸ್‌ನವರ ರ‍್ಯಾಂಕಿಂಗಿನಲ್ಲಿ ಸ್ಯಾಟ್ ಮತ್ತು ಅದರಂಥದೇ ಇನ್ನೊಂದು ಪರೀಕ್ಷೆಯಾದ ಎಸಿಟಿ ಅಂಕಕ್ಕೆ ಶೇ 5 ತೂಕ ಇದೆ. ಸರಾಸರಿ ಏರಿದರೆ ಕಾಲೇಜಿನ ಹೆಸರು ಒಂದೆರಡು ಮೆಟ್ಟಿಲು ಮೇಲೆ ಹೋಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಕಾರಣ ದುಡ್ಡು. ರಾಜ್ಯ ಸರ್ಕಾರದ ವಿಶ್ವವಿದ್ಯಾಲಯಗಳಲ್ಲಿ ಹೊರರಾಜ್ಯದವರಿಗೆ ಟ್ಯೂಷನ್ ಎರಡು, ಮೂರು ಪಟ್ಟು. ಹೊರಗಿನಿಂದ ಬಂದ ಜಾಣ ಹುಡುಗನಿಗೆ ಅದರಲ್ಲಿ ಅರ್ಧ ಬಿಟ್ಟುಕೊಟ್ಟರೂ ಒಳಗಿನವನಿಗಿಂತ ಹೆಚ್ಚೇ ಗಿಟ್ಟಬಹುದು. ಅಲಬಾಮಾ ವಿಶ್ವವಿದ್ಯಾಲಯ ಈ ಸೂತ್ರ ಹಿಡಿದೇ ಎರಡು ದಶಕಗಳಲ್ಲಿ ಬೆಳೆದು ನಿಂತಿತು. ಈಗ ಅಲ್ಲಿ ಹೊಸದಾಗಿ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರರಾಜ್ಯದವರು. ಅಲ್ಲಿ ಅಮ್ಮನ ಪ್ರಶ್ನೆಗೆ ನೇರ ಉತ್ತರವಿದೆ: ವೆಬ್‌ಸೈಟಿನಲ್ಲಿ ಒಂದು ಕೋಷ್ಟಕ, ಎಡಕ್ಕೆ ಸ್ಯಾಟ್ ಅಥವಾ ಎಸಿಟಿ ಅಂಕ, ಪಕ್ಕದಲ್ಲಿ ಶಾಲೆಯ ಜಿಪಿಎ (4.0ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ), ಕೊನೆಗೆ ವರ್ಷಕ್ಕೆ ಎಷ್ಟು ಡಾಲರ್. ಬಸ್‌ ನಿಲ್ದಾಣದ ದರಪಟ್ಟಿಯ ಹಾಗೆ. ಮೊತ್ತ ವರ್ಷ ವರ್ಷ ಬದಲಾಗುತ್ತದೆ, ಆದ್ದರಿಂದ ಅಣ್ಣನ ಕಾಲದ ಕೋಷ್ಟಕ ನೋಡಿ ತಂಗಿಯ ಖರ್ಚು ಲೆಕ್ಕ ಹಾಕಬಾರದು.

ಇಂಥ ಕೋಷ್ಟಕ ಇರುವ ಕಡೆ ಮೆಟ್ಟಿಲಿನ ಅಂಚಿಗೆ ಬಂದು ನಿಂತ ಮಕ್ಕಳಿಗೆ ಇನ್ನೊಂದು ಸಲ ಪರೀಕ್ಷೆ ಬರೆಯುವುದು ನಿಜಕ್ಕೂ ಲಾಭ. ಮೇಲಿನ ಮೆಟ್ಟಿಲು 1420ಕ್ಕೆ ಇದ್ದು ನಿಮ್ಮ ಮಗ 1400ರಲ್ಲಿ ನಿಂತಿದ್ದರೆ ಎರಡೋ ಮೂರೋ ಪ್ರಶ್ನೆಗಳ ಅಂತರ. ಆ ಅಂತರ ನಾಲ್ಕು ವರ್ಷಕ್ಕೆ ಸಾವಿರಾರು ಡಾಲರ್ ಆಗಬಹುದು. ಹಾಗೆಂದು 1540ನ್ನು 1570 ಮಾಡಲು ಮಗುವನ್ನು ನಾಲ್ಕನೇ ಸಲ ಕೂರಿಸುವುದು ಇನ್ನೊಂದು ಬಗೆಯ ಹುಚ್ಚು. ಕೋಷ್ಟಕದಲ್ಲಿ ಅದಕ್ಕೆ ಮೇಲಿನ ಮೆಟ್ಟಿಲೇ ಇರುವುದಿಲ್ಲ.

ಇನ್ನೂ ಒಂದು ಮಾತು. ಅಮೆರಿಕದ ಕಾಲೇಜುಗಳಿಗೆ ಆಷಾಢ ಈಗಷ್ಟೇ ಶುರುವಾಗುತ್ತಿದೆ. 2008ರ ಆರ್ಥಿಕ ಕುಸಿತದ ಹೊತ್ತಿನಿಂದ ಅಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ ಇಳಿಯಿತು. ಆಗ ಹುಟ್ಟದೇ ಉಳಿದ ಮಕ್ಕಳು ಈಗ ಕಾಲೇಜಿಗೆ ಬರಬೇಕಾಗಿತ್ತು. ಸಣ್ಣ ಊರುಗಳ ಖಾಸಗಿ ಕಾಲೇಜುಗಳಲ್ಲಿ ಬೆಂಚು ಖಾಲಿ ಬೀಳುವುದಕ್ಕೆ ಇದೂ ಒಂದು ಕಾರಣ. ಬ್ಯಾನರ್ ಇನ್ನೂ ದೊಡ್ಡದಾದರೆ ಆಶ್ಚರ್ಯವಿಲ್ಲ.

ಗಣಿತದಲ್ಲಿ ಗೆದ್ದು ಓದಿನಲ್ಲಿ ಸೋತವರು

ಅಂಕದ ಸ್ಕಾಲರ್‌ಶಿಪ್ ಎಂದಾಕ್ಷಣ ಭಾರತೀಯ ಮನೆಗಳಲ್ಲಿ ಮೊದಲು ಬರುವ ಹೆಸರು ನ್ಯಾಷನಲ್ ಮೆರಿಟ್. 1955ರಿಂದ ನಡೆಯುತ್ತಿರುವ ಪಂದ್ಯ ಇದು. ಹನ್ನೊಂದನೇ ತರಗತಿಯ ಅಕ್ಟೋಬರಿನಲ್ಲಿ ಬರೆಯುವ ಪಿ-ಸ್ಯಾಟ್ ಎಂಬ ಸ್ಯಾಟ್ ಪೂರ್ವಭಾವಿ ಪರೀಕ್ಷೆ ಇದರ ಬಾಗಿಲು. ಹತ್ತನೇ ತರಗತಿಯಲ್ಲಿ ಬರೆದದ್ದು ಅಭ್ಯಾಸಕ್ಕೆ ಮಾತ್ರ, ಲೆಕ್ಕಕ್ಕಿಲ್ಲ. ವರ್ಷಕ್ಕೆ ಸುಮಾರು 13 ಲಕ್ಷ ಮಕ್ಕಳು ಒಳಗೆ ಬರುತ್ತಾರೆ, 16,000 ಮಂದಿ ಸೆಮಿಫೈನಲಿಸ್ಟ್ ಆಗುತ್ತಾರೆ, 15,000 ಮಂದಿ ಫೈನಲಿಸ್ಟ್. ಕೊನೆಗೆ ದುಡ್ಡು ಕಾಣುವವರು ಅವರಲ್ಲಿ ಅರ್ಧದಷ್ಟೂ ಇಲ್ಲ.

ಇದರ ಒಳಲೆಕ್ಕ ಸ್ವಾರಸ್ಯಕರ. ಪಿ-ಸ್ಯಾಟ್‌ನ ಒಟ್ಟು ಅಂಕ 1520, ಓದು-ಬರಹಕ್ಕೆ 760, ಗಣಿತಕ್ಕೆ 760. ಆದರೆ ಆಯ್ಕೆಗೆ ನೋಡುವುದು ಒಟ್ಟು ಅಂಕವನ್ನಲ್ಲ, 'ಸೆಲೆಕ್ಷನ್ ಇಂಡೆಕ್ಸ್' ಎಂಬುದನ್ನು. ಓದು-ಬರಹದ ಅಂಕವನ್ನು ಎರಡರಿಂದ ಗುಣಿಸಿ, ಗಣಿತದ ಅಂಕ ಕೂಡಿಸಿ, ಹತ್ತರಿಂದ ಭಾಗಿಸಬೇಕು. ಇಬ್ಬರು ಗೆಳತಿಯರು ಒಂದೇ 1480 ತೆಗೆದರು ಎಂದುಕೊಳ್ಳಿ. ಒಬ್ಬಳಿಗೆ ಓದು-ಬರಹದಲ್ಲಿ 760, ಗಣಿತದಲ್ಲಿ 720. ಅವಳ ಸೂಚ್ಯಂಕ 224. ಇನ್ನೊಬ್ಬಳಿಗೆ ಓದು-ಬರಹದಲ್ಲಿ 720, ಗಣಿತದಲ್ಲಿ ಪೂರ್ತಿ 760. ಅವಳದು 220. ಎರಡನೆಯವಳು ನಮ್ಮ ಮನೆಗಳ ಹುಡುಗಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಐದನೇ ಕ್ಲಾಸಿನಿಂದ ಶನಿವಾರ ಶನಿವಾರ ಗಣಿತದ ಮನೆಪಾಠಕ್ಕೆ ಕಳಿಸಿ, ಕತೆಪುಸ್ತಕ ಹಿಡಿದರೆ 'ಓದ್ಕೋ ಹೋಗು' ಎಂದು ಗದರಿದ್ದಕ್ಕೆ ಬಿದ್ದ ಬಡ್ಡಿ ಈ ನಾಲ್ಕು ಅಂಕ.

ಆ ನಾಲ್ಕು ಅಂಕಕ್ಕೆ ಎಷ್ಟು ಬೆಲೆ ಎನ್ನುವುದು ಮನೆ ಎಲ್ಲಿದೆ ಎಂಬುದರ ಮೇಲೆ. ಸೆಮಿಫೈನಲಿಸ್ಟ್ ಜಾಗಗಳನ್ನು ಆಯಾ ರಾಜ್ಯದಲ್ಲಿ ಹೈಸ್ಕೂಲು ಮುಗಿಸುವವರ ಸಂಖ್ಯೆಗೆ ತಕ್ಕಂತೆ ಹಂಚುತ್ತಾರೆ, ಆದ್ದರಿಂದ ಕಟಾಫ್ ರಾಜ್ಯಕ್ಕೊಂದು. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್‌ಗಳಲ್ಲಿ ಈಚೆಗೆ 223ರಿಂದ 225ರವರೆಗೆ ಓಡಾಡುತ್ತಿದೆ. ವೆಸ್ಟ್ ವರ್ಜೀನಿಯಾದಂಥ ಕಡೆ 210ಕ್ಕೂ ಕೆಳಗೆ ಸಿಕ್ಕಿದ್ದುಂಟು. ನ್ಯೂಜೆರ್ಸಿಯ ಎಡಿಸನ್ನಿನಲ್ಲಿ 220 ತೆಗೆದು ಮನೆಯಲ್ಲಿ ಅತ್ತ ಹುಡುಗಿ ವೆಸ್ಟ್ ವರ್ಜೀನಿಯಾದಲ್ಲಿದ್ದಿದ್ದರೆ ಶಾಲೆಯ ಗೋಡೆಯ ಮೇಲೆ ಅವಳ ಫೋಟೊ ಇರುತ್ತಿತ್ತು. ಕಲ್ಯಾಣ ಕರ್ನಾಟಕದ 371ಜೆ ಮೀಸಲಾತಿ ಬಗ್ಗೆ ಒಂದು ಕಾಲಕ್ಕೆ ಗೊಣಗಿದ್ದ ಬೆಂಗಳೂರಿನ ಗೆಳೆಯರು ನ್ಯೂಜೆರ್ಸಿಯಲ್ಲಿ ಕೂತು ಇದರ ಬಗ್ಗೆಯೂ ಗೊಣಗುವುದನ್ನು ಕೇಳಿದ್ದೇನೆ. ನನಗೆ ಮಾತ್ರ ಈ ಹಂಚಿಕೆ ತಪ್ಪೆನಿಸಿಲ್ಲ. ಇಲ್ಲದಿದ್ದರೆ ಜಾಗಗಳಲ್ಲಿ ಬಹುಪಾಲು ನಾಲ್ಕೈದು ಶ್ರೀಮಂತ ಪ್ರದೇಶಗಳಿಗೇ ಹೋಗುತ್ತಿತ್ತು.

ಇಷ್ಟೆಲ್ಲ ಆಗಿ ಸಿಗುವುದೆಷ್ಟು? ನ್ಯಾಷನಲ್ ಮೆರಿಟ್ ಸಂಸ್ಥೆ ತಾನೇ ಕೊಡುವುದು ಒಂದೇ ಸಲಕ್ಕೆ 2,500 ಡಾಲರ್. ಒಂದು ಸೆಮಿಸ್ಟರಿನ ಹಾಸ್ಟೆಲ್ ಬಾಡಿಗೆಗೂ ಸಾಲುವುದಿಲ್ಲ. ನಿಜವಾದ ದುಡ್ಡು ಬರುವುದು ಕಾಲೇಜಿನಿಂದ. ಫೈನಲಿಸ್ಟ್ ಆದವರು 'ನನ್ನ ಮೊದಲ ಆಯ್ಕೆ ಈ ಕಾಲೇಜು' ಎಂದು ಗುರುತು ಮಾಡಿದರೆ ಟೆಕ್ಸಸ್ ವಿಶ್ವವಿದ್ಯಾಲಯದ ಡಲ್ಲಾಸ್ ಕ್ಯಾಂಪಸ್, ಅಲಬಾಮಾ, ಒಕ್ಲಹೋಮಾದಂಥ ಕಡೆ ದೊಡ್ಡ ಗಂಟೇ ಸಿಗುತ್ತದೆ. ಫ್ಲೋರಿಡಾದಲ್ಲಂತೂ ನ್ಯಾಷನಲ್ ಮೆರಿಟ್ ಗೆದ್ದು ಅಲ್ಲಿನ ಕಾಲೇಜು ಸೇರುವವರಿಗೆ ಊಟ, ವಸತಿ ಸೇರಿ ಪೂರ್ತಿ ಖರ್ಚು ನೋಡಿಕೊಳ್ಳುವ ಬೆನಕ್ವಿಸ್ಟೊ ಎಂಬ ಯೋಜನೆಯನ್ನು ರಾಜ್ಯವೇ ಇಟ್ಟಿದೆ. ಐವಿ ಲೀಗಿನವರು ಇದಕ್ಕೂ ಸೊಪ್ಪು ಹಾಕುವುದಿಲ್ಲ.

ಲಾಟರಿ ದುಡ್ಡು, ಹೊಸ ಕಾರು

ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದಲ್ಲಿ ನಮಗೆಲ್ಲ ಹತ್ತಿರದ್ದು ಹೋಪ್ ಸ್ಕಾಲರ್‌ಶಿಪ್. ಗವರ್ನರ್ ಝೆಲ್ ಮಿಲ್ಲರ್ 1993ರಲ್ಲಿ ಶುರುಮಾಡಿದ್ದು. ದುಡ್ಡಿನ ಮೂಲ ರಾಜ್ಯದ ಲಾಟರಿ. ಮೊದಲ ವರ್ಷ ವಾರ್ಷಿಕ ಆದಾಯ 66,000 ಡಾಲರ್ ಮೀರದ ಮನೆಗಳಿಗೆ ಮಾತ್ರ ಎಂದಿತ್ತು. ಆಮೇಲೆ ಮಿತಿಯನ್ನು ಒಂದು ಲಕ್ಷಕ್ಕೆ ಏರಿಸಿದರು, 1995ರಲ್ಲಿ ಮಿತಿಯನ್ನೇ ಕಿತ್ತುಹಾಕಿದರು. 2011ರಲ್ಲಿ ಲಾಟರಿ ಹಣ ಸಾಲದೆ ಬಂದಾಗ ಹೋಪ್ ಮೊತ್ತವನ್ನು ಕತ್ತರಿಸಿ, ಪೂರ್ತಿ ಟ್ಯೂಷನ್ ಬೇಕಾದವರಿಗೆ ಆ ಗವರ್ನರ್ ಹೆಸರಿನಲ್ಲೇ ಝೆಲ್ ಮಿಲ್ಲರ್ ಸ್ಕಾಲರ್‌ಶಿಪ್ ಎಂಬ ಇನ್ನೊಂದು ಮೆಟ್ಟಿಲು ಕಟ್ಟಿದರು: 3.7 ಜಿಪಿಎ, ಜೊತೆಗೆ ಸ್ಯಾಟ್‌ನಲ್ಲಿ 1200. ಪಕ್ಕದ ಫ್ಲೋರಿಡಾದ್ದು 1997ರ ಬ್ರೈಟ್ ಫ್ಯೂಚರ್ಸ್. ಅದೂ ಲಾಟರಿಯದೇ. ಅಲ್ಲಿ ಮೇಲಿನ ದರ್ಜೆಗೆ ಈಗ 1340, ಕೆಳಗಿನದಕ್ಕೆ 1210, ಅದರ ಜೊತೆ ಸಮಾಜಸೇವೆಯ ಗಂಟೆಗಳು. ಟೆನೆಸ್ಸೀ ಸ್ವಲ್ಪ ಉದಾರ: ಎಸಿಟಿಯಲ್ಲಿ 36ಕ್ಕೆ 21 ಅಥವಾ 3.0 ಜಿಪಿಎ, ಎರಡರಲ್ಲಿ ಒಂದಿದ್ದರೆ ಸಾಕು.

ಅಂಕದ ಸ್ಕಾಲರ್‌ಶಿಪ್‌ಗಳಲ್ಲಿ ನಿಜವಾಗಿ ತೂಕ ಇರುವುದು ಇವುಗಳಿಗೆ. ಇಲ್ಲಿ ಬೆಲೆಚೀಟಿಯ ಆಟ ಇಲ್ಲ, ಸರ್ಕಾರಿ ವಿಶ್ವವಿದ್ಯಾಲಯದ ನಿಜವಾದ ಟ್ಯೂಷನ್ನನ್ನೇ ರಾಜ್ಯ ಕಟ್ಟುತ್ತದೆ. ಆದರೆ ಈ ದುಡ್ಡು ಯಾರ ಜೇಬಿನಿಂದ ಬಂದು ಯಾರ ಜೇಬಿಗೆ ಹೋಗುತ್ತದೆ ಎಂದು ನೋಡಿದರೆ ಕಸಿವಿಸಿಯಾಗುತ್ತದೆ. ಪೆಟ್ರೋಲ್ ಬಂಕಿನ ಕೌಂಟರಿನಲ್ಲಿ ಲಾಟರಿ ಚೀಟಿ ಉಜ್ಜುತ್ತ ನಿಂತಿರುವವರನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಅವರ ಮಕ್ಕಳು ನಮ್ಮ ಬಡಾವಣೆಯ ಶಾಲೆಯಲ್ಲಿ ಓದುವುದಿಲ್ಲ. ಹೋಪ್ ಬಂದ ಮೇಲೆ ಕಾಲೇಜು ಸೇರುವುದರಲ್ಲಿ ಬಡವ-ಬಲ್ಲಿದರ ನಡುವಿನ, ಕರಿಯ-ಬಿಳಿಯರ ನಡುವಿನ ಅಂತರ ಹೆಚ್ಚಿತು ಎಂದು ಅರ್ಥಶಾಸ್ತ್ರಜ್ಞೆ ಸೂಸನ್ ಡೈನಾರ್ಸ್ಕಿ ಲೆಕ್ಕಸಮೇತ ತೋರಿಸಿದರು. ಜಾರ್ಜಿಯಾ ವಿಶ್ವವಿದ್ಯಾಲಯದ ಕ್ರಿಸ್ಟೊಫರ್ ಕಾರ್ನ್‌ವೆಲ್ ಮತ್ತು ಡೇವಿಡ್ ಮಸ್ಟರ್ಡ್ ಇನ್ನೂ ತಮಾಷೆಯ ಸಂಗತಿ ಹುಡುಕಿದರು: ಹೋಪ್ ಬಂದ ಮೇಲೆ ರಾಜ್ಯದಲ್ಲಿ ಕಾರುಗಳ ಮಾರಾಟ ಏರಿತು. ಹೇಗೂ ಕಾಲೇಜು ಫೀಸಿಗೆ ದುಡ್ಡು ಎತ್ತಿಟ್ಟಿದ್ದ ಅಪ್ಪ-ಅಮ್ಮ ಅದು ಉಳಿಯಿತಲ್ಲ ಎಂದು ಮಗನಿಗೆ ಕಾರು ಕೊಡಿಸಿದರು. ಕರ್ನಾಟಕದಲ್ಲಿ ಲಾಟರಿಯನ್ನು 2007ರಲ್ಲೇ ನಿಲ್ಲಿಸಿದರು. ಕೂಲಿ ದುಡ್ಡು ಚೀಟಿಗೆ ಹೋಗುವುದನ್ನು ಕಣ್ಣಾರೆ ಕಂಡ ನನಗೆ, ಆ ಮೂಲದಿಂದ ಬಂದ ವಿದ್ಯಾದಾನವನ್ನು ನಮ್ಮ ಮನೆಯ ಹುಡುಗಿಯೇ ಪಡೆಯುತ್ತಿದ್ದಾಳೆ ಎಂಬುದು ಗಂಟಲಲ್ಲಿ ಸ್ವಲ್ಪ ಸಿಕ್ಕಿಕೊಳ್ಳುತ್ತದೆ. ಹಾಗಂತ ಬೇಡ ಎನ್ನುವಷ್ಟು ದೊಡ್ಡ ಮನಸ್ಸೂ ನಮ್ಮಲ್ಲಿ ಯಾರಿಗೂ ಇಲ್ಲ.

ಪಡೆಯಲಾಗದವರ ಕತೆಯೂ ನಮ್ಮವರ ನಡುವೆಯೇ ಇದೆ. ಹೋಪ್‌ಗಾಗಲಿ ಝೆಲ್ ಮಿಲ್ಲರ್‌ಗಾಗಲಿ ಬ್ರೈಟ್ ಫ್ಯೂಚರ್ಸ್‌ಗಾಗಲಿ ವಿದ್ಯಾರ್ಥಿ ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್‌ನಂಥ ಮಾನ್ಯ ದರ್ಜೆ ಇರಬೇಕು. ಅಪ್ಪ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದು ಮಗಳು ಅವನನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿದ್ದರೆ ಬಾಗಿಲು ಮುಚ್ಚಿದಂತೆ. ಯುಗಾದಿ ಊಟದಲ್ಲಿ ಪಕ್ಕ ಕೂತ ಹಾಸನದ ಕಡೆಯ ಗೆಳೆಯರೊಬ್ಬರು ಕೋಸಂಬರಿ ಕಲಸುತ್ತ ಹೇಳಿದರು: "ನೋಡಿ ಸರ್, ಇವಳ ಪಕ್ಕದ ಬೆಂಚಿನ ಹುಡುಗಿಗೆ 1210. ಇವಳಿಗೆ 1490. ಮೂರನೇ ವಯಸ್ಸಿಗೆ ಬಂದವಳು ಇವಳು, ಹದಿನಾಲ್ಕು ವರ್ಷದಿಂದ ಟ್ಯಾಕ್ಸ್ ಕಟ್ತಿದೀನಿ ನಾನು. ಅವಳಿಗೆ ಫ್ರೀ, ಇವಳಿಗೆ ಇಲ್ಲ." ಎದುರಿಗೆ ಕೂತಿದ್ದ ಮಗಳು ತಲೆ ಎತ್ತದೆ, "ಅಪ್ಪಾ, ಎಲ್ಲರ ಹತ್ರಾನೂ ಹೇಳ್ಬೇಡ ಪ್ಲೀಸ್" ಎಂದಳು. ಅದರ ಮೇಲೆ ಇಪ್ಪತ್ತೊಂದು ತುಂಬಿದ ದಿನ ಎಚ್-4 ಕೂಡ ಮುಗಿಯುತ್ತದೆ. ಆಮೇಲೆ ಎಫ್-1 ವಿದ್ಯಾರ್ಥಿ ವೀಸಾ ಹಿಡಿದು, ಹುಟ್ಟೂರಿನಿಂದ ನಿನ್ನೆ ಇಳಿದವರ ಸಾಲಿನಲ್ಲಿ ನಿಲ್ಲಬೇಕು. ಭಾರತೀಯರ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದವೆಂದರೆ ಮಕ್ಕಳು ಅದಕ್ಕಿಂತ ಬೇಗ ಬೆಳೆಯುತ್ತಾರೆ. ಇಂಥ ಮನೆಗಳಿಗೆ ನಾನು ಹೇಳುವುದು ಇಷ್ಟೇ: ರಾಜ್ಯದ ದುಡ್ಡನ್ನು ಮರೆತುಬಿಡಿ, ಕಾಲೇಜೇ ತನ್ನ ಕೈಯಿಂದ ಕೊಡುವ ಸ್ಕಾಲರ್‌ಶಿಪ್‌ಗಳನ್ನು ಹುಡುಕಿ. ಅವುಗಳಲ್ಲಿ ಹಲವಕ್ಕೆ ವೀಸಾ ಅಡ್ಡಬರುವುದಿಲ್ಲ. ಬೆಂಗಳೂರು, ಮೈಸೂರಿನಿಂದ ನೇರವಾಗಿ ಅರ್ಜಿ ಹಾಕುವ ಮಕ್ಕಳಿಗೂ ಇದೇ ದಾರಿ. ವರ್ಷಕ್ಕೆ 20,000 ಡಾಲರ್ ಬಿಟ್ಟರೆ, ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ ಹದಿನೇಳು ಲಕ್ಷ. ವೀಸಾಕ್ಕೆ ತೋರಿಸಬೇಕಾದ ಹಣದ ಲೆಕ್ಕದಿಂದಲೂ ಅಷ್ಟು ಕಡಿಮೆಯಾಗುತ್ತದೆ.

'ಐಚ್ಛಿಕ' ಎಂಬ ಮಾತಿನ ಅರ್ಥ

2020ರಲ್ಲಿ ಕೊರೊನಾ ಬಂದು ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಬಹುಪಾಲು ಕಾಲೇಜುಗಳು 'ಸ್ಯಾಟ್ ಐಚ್ಛಿಕ' ಎಂದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇನ್ನೂ ಮುಂದೆ ಹೋಯಿತು. ಬರ್ಕ್ಲಿ, ಲಾಸ್ ಏಂಜಲೀಸ್ ಸೇರಿ ಅದರ ಯಾವ ಕ್ಯಾಂಪಸ್ಸೂ ಪ್ರವೇಶಕ್ಕಾಗಲಿ ಸ್ಕಾಲರ್‌ಶಿಪ್‌ಗಾಗಲಿ ಸ್ಯಾಟ್ ಅಂಕವನ್ನು ನೋಡುವುದಿಲ್ಲ ಎಂದು 2021ರಲ್ಲಿ ನ್ಯಾಯಾಲಯದ ದಾವೆಯೊಂದರ ರಾಜಿಯಲ್ಲಿ ಒಪ್ಪಿಕೊಂಡಿತು. ಆಮೇಲೆ ಗಾಳಿ ತಿರುಗಿತು. ಎಂಐಟಿ 2022ರಲ್ಲಿ, ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್, ಟೆಕ್ಸಸ್‌ನ ಆಸ್ಟಿನ್ ಕ್ಯಾಂಪಸ್ 2024ರಲ್ಲಿ ಪರೀಕ್ಷೆ ಬೇಕೇ ಬೇಕು ಎಂಬಲ್ಲಿಗೆ ಮರಳಿದವು. ಫ್ಲೋರಿಡಾ ಸರ್ಕಾರಿ ವಿಶ್ವವಿದ್ಯಾಲಯಗಳು ಕೊರೊನಾ ಕಾಲದಲ್ಲೂ ಬಿಟ್ಟಿರಲಿಲ್ಲ. 2023ರಲ್ಲಿ ಸ್ಯಾಟ್, ಎಸಿಟಿ ಜೊತೆಗೆ ಸಿಎಲ್‌ಟಿ ಎಂಬ ಮೂರನೇ ಪರೀಕ್ಷೆಯನ್ನೂ ಒಪ್ಪಿದವು.

ಈ ಗಲಾಟೆಯಲ್ಲಿ ಜನ ಗಮನಿಸದೇ ಹೋಗುವ ಸಂಗತಿ: ಪ್ರವೇಶಕ್ಕೆ ಐಚ್ಛಿಕ ಎಂದರೆ ದುಡ್ಡಿಗೂ ಐಚ್ಛಿಕ ಎಂದಲ್ಲ. ಕೆಲವು ಕಡೆ ಅಂಕ ಕೊಡದೆಯೂ ಸೇರಬಹುದು, ಆದರೆ ದೊಡ್ಡ ಸ್ಕಾಲರ್‌ಶಿಪ್ ಬೇಕಿದ್ದರೆ ಕೊಡಲೇಬೇಕು. ಇನ್ನು ಕೆಲವು ಕಡೆ ಜಿಪಿಎ ಒಂದನ್ನೇ ನೋಡುತ್ತಾರೆ. ಅರ್ಜಿಯ ಪುಟದಲ್ಲಿ 'ಐಚ್ಛಿಕ' ಎಂಬುದನ್ನು ಓದಿ ನಿರಾಳರಾದವರು ಸ್ಕಾಲರ್‌ಶಿಪ್ ಪುಟವನ್ನು ತೆರೆದು ನೋಡದೆ ಕೈಸುಟ್ಟುಕೊಂಡದ್ದನ್ನು ಕಂಡಿದ್ದೇನೆ.

ಪರೀಕ್ಷೆ ಬೇಕೋ ಬೇಡವೋ ಎಂಬ ಜಗಳದಲ್ಲಿ ಎರಡೂ ಕಡೆಯವರಿಗೆ ಒಪ್ಪಿಗೆಯಿರುವ ಅಂಶ ಒಂದಿದೆ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಅವರ ತಂಡ 2023ರಲ್ಲಿ ಹೊರತಂದ ಅಂಕಿಅಂಶದ ಪ್ರಕಾರ, ತೀರಾ ಬಡ ಐದನೇ ಒಂದು ಭಾಗದ ಮನೆಗಳ ಮಕ್ಕಳಿಗಿಂತ ಅತಿ ಶ್ರೀಮಂತ ಶೇ 1 ಮನೆಗಳ ಮಕ್ಕಳು 1300 ದಾಟುವ ಸಾಧ್ಯತೆ 13 ಪಟ್ಟು ಹೆಚ್ಚು. ಪರೀಕ್ಷೆ ಬೇಕೆನ್ನುವವರು, ಬಡ ಊರಿನಿಂದ 1400 ತೆಗೆದ ಹುಡುಗನನ್ನು ಹುಡುಕಲು ಇದೇ ದಾರಿ ಎನ್ನುತ್ತಾರೆ. ಪ್ರವೇಶದ ಮಟ್ಟಿಗೆ ನನಗೆ ಆ ವಾದ ಒಪ್ಪಿಗೆ. ದುಡ್ಡಿನ ಮಟ್ಟಿಗೆ ಅಲ್ಲ. ಅಂಕಕ್ಕೆ ಕೋಷ್ಟಕ ಕಟ್ಟಿ ಹಂಚಿದರೆ ಬಹುಪಾಲು ಹೋಗುವುದು ಅದಿಲ್ಲದೆಯೂ ಕಾಲೇಜು ಸೇರುತ್ತಿದ್ದವರಿಗೇ. ನಮ್ಮ ದೇಶದಲ್ಲಿ ಎಂಟನೇ ತರಗತಿಯ ಮಕ್ಕಳು ಸ್ಕಾಲರ್‌ಶಿಪ್‌ಗಾಗಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯ ಮೊತ್ತ ಸಣ್ಣದು, ವರ್ಷಕ್ಕೆ ₹12,000. ಆದರೆ ಮನೆಯ ಆದಾಯ ₹3.5 ಲಕ್ಷ ಮೀರಬಾರದು, ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಓದಬೇಕು ಎಂಬ ಎರಡು ಬೇಲಿ ಇರುವುದರಿಂದ ಅಷ್ಟಾದರೂ ತಲುಪಬೇಕಾದಲ್ಲಿಗೆ ತಲುಪುತ್ತದೆ. ಜಾರ್ಜಿಯಾದವರು ಕಿತ್ತುಹಾಕಿದ್ದು ಇಂಥದೇ ಬೇಲಿಯನ್ನು.

ತಯಾರಿಗೆ ಸಾವಿರಾರು ಡಾಲರ್ ಸುರಿಯಲೇಬೇಕು ಎಂಬುದು ಮಾತ್ರ ಈಗ ನಿಜವಲ್ಲ. 2024ರ ವಸಂತದಿಂದ ಅಮೆರಿಕದಲ್ಲೂ ಸ್ಯಾಟ್ ಪೂರ್ತಿ ಕಂಪ್ಯೂಟರಿನಲ್ಲಿ. ಎರಡು ಗಂಟೆ ಹದಿನಾಲ್ಕು ನಿಮಿಷ, 98 ಪ್ರಶ್ನೆ. ಮೊದಲ ಭಾಗ ಚೆನ್ನಾಗಿ ಮಾಡಿದರೆ ಎರಡನೆಯ ಭಾಗ ಕಠಿಣವಾಗಿ ಬರುತ್ತದೆ. ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್ ಪರದೆಯ ಮೇಲೇ ಇರುತ್ತದೆ. ಬ್ಲೂಬುಕ್ ಆ್ಯಪಿನಲ್ಲಿ ಅಸಲಿ ಮಾದರಿಯ ಪರೀಕ್ಷೆಗಳೂ ಖಾನ್ ಅಕಾಡೆಮಿಯಲ್ಲಿ ಪಾಠಗಳೂ ಪುಕ್ಕಟೆ. ನಮ್ಮ ಹುಡುಗಿ 1340ರಿಂದ 1450ಕ್ಕೆ ಬಂದದ್ದು ಇವೆರಡರಲ್ಲೇ, ಅದೂ ಬೇಸಿಗೆ ರಜೆಯ ಆರು ವಾರದಲ್ಲಿ, ಅರ್ಧ ದಿನ ನಿದ್ದೆ ಮಾಡಿಕೊಂಡು.

ಈಗ ಮತ್ತೆ ಆ ಚಿನ್ನದ ಅಂಚಿನ ಪತ್ರಕ್ಕೆ ಬರೋಣ. ಆ ಕಾಲೇಜಿನ ಟ್ಯೂಷನ್ 58,000. ಸ್ಕಾಲರ್‌ಶಿಪ್ ಕಳೆದು 30,000. ಪತ್ರದ ಎರಡನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ವಾಕ್ಯಗಳಿದ್ದವು: ಮೊತ್ತ ನಾಲ್ಕೂ ವರ್ಷ ಇಷ್ಟೇ, ಮತ್ತು 3.2 ಜಿಪಿಎ ಉಳಿಸಿಕೊಳ್ಳಬೇಕು. ಮೇಜಿನ ಮೇಲಿದ್ದ ದಿನಸಿ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಟ್ಯೂಷನ್ ವರ್ಷಕ್ಕೆ ಶೇ 4 ಏರಿದರೆ ನಾಲ್ಕನೇ ವರ್ಷಕ್ಕೆ 65,242. ಸ್ಕಾಲರ್‌ಶಿಪ್ ಅದೇ 28,000. ನಾವು ಕಟ್ಟುವುದು 37,242. ಪಟ್ಟಿಯ ಬೆಲೆ ಏರಿದ್ದು ಶೇ 12.5, ನಮ್ಮ ಜೇಬಿನ ಖರ್ಚು ಏರಿದ್ದು ಶೇ 24. ಇದರ ಮೇಲೆ ಊಟ, ಹಾಸ್ಟೆಲ್, ವಿಮಾನದ ಟಿಕೆಟ್.

ಜಿಪಿಎ ಷರತ್ತನ್ನು ಹಗುರವಾಗಿ ನೋಡುವ ಹಾಗಿಲ್ಲ. ಎಂಜಿನಿಯರಿಂಗಿನ ಮೊದಲ ವರ್ಷದ ಕ್ಯಾಲ್ಕ್ಯುಲಸ್ ಮತ್ತು ಫಿಸಿಕ್ಸ್, ಹೈಸ್ಕೂಲಿನಲ್ಲಿ 4.0 ಇದ್ದವರನ್ನೂ ಕೆಳಗೆ ಎಳೆಯುತ್ತವೆ. ಜಾರ್ಜಿಯಾದಲ್ಲೂ ಹೋಪ್‌ಗೆ 3.0, ಝೆಲ್ ಮಿಲ್ಲರ್‌ಗೆ 3.3 ಇರಬೇಕು, 30, 60, 90 ಕ್ರೆಡಿಟ್ ಮುಗಿದಾಗೆಲ್ಲ ತಪಾಸಣೆ. ಇದಕ್ಕೆ ಹೆದರಿ ಮಕ್ಕಳು ಕಷ್ಟದ ವಿಷಯ ಕೈಬಿಡುತ್ತಾರೆ, ಒಂದು ಸೆಮಿಸ್ಟರಿಗೆ ಕಡಿಮೆ ಕೋರ್ಸ್ ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಕಾರು ಮಾರಾಟದ ಅದೇ ಪ್ರೊಫೆಸರುಗಳು ಗುರುತಿಸಿದ್ದಾರೆ. ಇನ್ನೊಂದು ಗುಂಡಿ ಹೊರಗಿನ ಸ್ಕಾಲರ್‌ಶಿಪ್‌ನದು. ಸಂಘ-ಸಂಸ್ಥೆಯೊಂದು 2,000 ಡಾಲರ್ ಕೊಟ್ಟರೆ ಕಾಲೇಜು ತಾನು ಕೊಡುವುದರಲ್ಲಿ ಅಷ್ಟನ್ನೇ ಕಡಿತ ಮಾಡಿಬಿಡಬಹುದು. ಮೇರಿಲ್ಯಾಂಡ್ 2017ರಲ್ಲಿ ತನ್ನ ಸರ್ಕಾರಿ ಕಾಲೇಜುಗಳಲ್ಲಿ ಇದಕ್ಕೆ ಕಡಿವಾಣ ಹಾಕಿತು. ಎಲ್ಲ ಕಡೆ ಅಂಥ ಕಾನೂನಿಲ್ಲ.

ಇಷ್ಟರ ನಡುವೆ ಝೆಲ್ ಮಿಲ್ಲರ್‌ನಿಂದ ಪತ್ರವೇ ಬಂದಿರಲಿಲ್ಲ. ಅಂಚೂ ಇಲ್ಲ, ಮುದ್ರೆಯೂ ಇಲ್ಲ. ರಾಜ್ಯದ ವೆಬ್‌ಸೈಟಿನಲ್ಲಿ ಲಾಗಿನ್ ಆದರೆ ಅರ್ಹತೆಯ ಒಂದು ಸಾಲು, ಅಷ್ಟೇ. ಆ ಒಂದು ಸಾಲಿನ ಅರ್ಥ ಜಾರ್ಜಿಯಾದ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೆ ಹತ್ತು ಸಾವಿರ ಡಾಲರ್ ಆಸುಪಾಸಿನ ಟ್ಯೂಷನ್ ಪೂರ್ತಿ ಮಾಫಿ. 28,000 ಕೊಟ್ಟವರ ಹತ್ತಿರ ಇನ್ನೂ 30,000 ಬಾಕಿ, 10,000 ಕೊಟ್ಟವರ ಹತ್ತಿರ ಟ್ಯೂಷನ್ ಬಾಕಿ ಸೊನ್ನೆ. ಇದನ್ನು ಅಮ್ಮನಿಗೆ ಬಿಡಿಸಿ ಹೇಳಲು ಹತ್ತು ನಿಮಿಷ ಬೇಕಾಯಿತು. ತಮ್ಮನಿಗೆ ಹೇಳಲು ಹದಿನೈದು.

ಆದರೂ ಹುಡುಗಿಗೆ ಆ ಖಾಸಗಿ ಕಾಲೇಜಿನ ಮೇಲೆ ಮನಸ್ಸು. "ದೊಡ್ಡಪ್ಪ, ಅಲ್ಲಿ ಕ್ಲಾಸಿಗೆ ಇಪ್ಪತ್ತೇ ಜನ" ಎಂದಳು. ಹಾಗಾದರೆ ಒಂದು ಮೇಲ್ ಬರಿ ಎಂದೆ. ಮೇ 1ಕ್ಕೆ ಮುಂಗಡ ಕಟ್ಟಬೇಕು, ಅದಕ್ಕೆ ಮುಂಚೆ ಪ್ರವೇಶ ಕಚೇರಿಯವರಿಗೂ ಸೀಟು ತುಂಬುವ ಆತಂಕ ಇರುತ್ತದೆ. ನಾಲ್ಕೇ ಸಾಲು: ನಿಮ್ಮಲ್ಲಿಗೆ ಬರಲು ಇಷ್ಟ, ಊರಿನ ವಿಶ್ವವಿದ್ಯಾಲಯದಲ್ಲಿ ಟ್ಯೂಷನ್ ಇಲ್ಲ, ಅದರ ದಾಖಲೆ ಲಗತ್ತಿಸಿದ್ದೇನೆ, ಮರುಪರಿಶೀಲನೆ ಸಾಧ್ಯವೇ. ತಮ್ಮನಿಗೆ ನಾಚಿಕೆ. "ಸ್ಕಾಲರ್‌ಶಿಪ್ ಕೊಟ್ಟೋರ ಹತ್ರ ಜಾಸ್ತಿ ಕೇಳೋದಾ?" ಅಂದ. ಹತ್ತು ದಿನಕ್ಕೆ ಉತ್ತರ ಬಂತು. 28,000 ಇದ್ದದ್ದು 31,000 ಆಗಿತ್ತು. ಈ ಸಲ ಬರೀ ಇ-ಮೇಲ್.

ರಾತ್ರಿ ತೀರ್ಥಹಳ್ಳಿಗೆ ಫೋನ್ ಮಾಡಿ ಸುದ್ದಿ ಹೇಳಿದೆವು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಿದ್ರಾ, ಒಂದೇ ಸಲ ಕೇಳಿದ್ದಕ್ಕೆ ಮೂರು ಬಿಟ್ಟ" ಎಂದರು. "ಎದ್ದು ಹೊರಟ ಹಾಗೆ ಮಾಡ್ಬೇಕಿತ್ತು, ಇನ್ನೂ ಎರಡು ಬಿಡ್ತಿದ್ದ."